ಮಾತ್ರೆ ಇಲ್ಲ ಅಂದ್ರೆ ಚಿಕಿತ್ಸೆನೇ ಇಲ್ಲ ಅಂತಲ್ಲ

ಪ್ರಶ್ನೆ: ನನ್ನ ಮಗನಿಗೆ 24 ವರ್ಷ. ಕಾಲೇಜಲ್ಲಿ ಫ್ರೆಂಡ್ಸ್ ಜೊತೆ ಶುರುವಾದ ಗಾಂಜಾ ಈಗ ದಿನಾ ಸಂಜೆ ಬೇಕೇ ಬೇಕು ಅನ್ನೋ ಹಾಗಾಗಿದೆ. ಎರಡು ಸಲ ಬಿಟ್ಟ, ಎರಡು ಸಲಾನೂ ವಾರದೊಳಗೆ ಮತ್ತೆ ಶುರು. ಬಿಟ್ಟಾಗ ಸುಮ್ಸುಮ್ನೆ ರೇಗ್ತಾನೆ, ನಿದ್ದೆ ಇಲ್ಲ, ಊಟ ಸೇರಲ್ಲ. ಡಾಕ್ಟ್ರು ಇದಕ್ಕೆ ಅಂತ ಮಾತ್ರೆ ಇಲ್ಲ, ಕೌನ್ಸೆಲಿಂಗ್‌ಗೆ ಕರ್ಕೊಂಡು ಹೋಗಿ ಅಂದ್ರು. ನಾವು ಬುದ್ಧಿ ಹೇಳಿ ಹೇಳಿ ಸಾಕಾಗಿದೆ, ಬೇರೆಯವರು ಹೇಳಿದ್ರೆ ಕೇಳ್ತಾನಾ?

ಉತ್ತರ: ಕೇಳಲ್ಲ ಅಮ್ಮಾ. ಅದಕ್ಕೇ ಒಳ್ಳೆ ಕೌನ್ಸೆಲರ್ ಬುದ್ಧಿ ಹೇಳೋಕೆ ಹೋಗೋದೇ ಇಲ್ಲ.

ಮೊದಲು ಆ ರೇಗಾಟದ ವಿಷಯ. ಅದು ಅಹಂಕಾರ ಅಲ್ಲ, ವಿತ್‌ಡ್ರಾವಲ್, ಅಂದ್ರೆ ಅಭ್ಯಾಸ ಆಗಿದ್ದ ನಶೆ ಬಿಟ್ಟಾಗ ಮೈಗೂ ಮನಸ್ಸಿಗೂ ಆಗೋ ಕಷ್ಟ. ಗಾಂಜಾ ಬಿಟ್ರೆ ಹೀಗಾಗಲ್ಲ ಅಂತ ತುಂಬಾ ವರ್ಷ ಡಾಕ್ಟರುಗಳೇ ನಂಬಿದ್ರು, 2013ರಲ್ಲಿ ಬಂದ ಡಿಎಸ್‌ಎಂ-5 ಅನ್ನೋ ಮನೋವೈದ್ಯಕೀಯ ಕೈಪಿಡಿಯಲ್ಲಿ ಇದನ್ನ ಸೇರಿಸಿದ್ರು. ಬಿಟ್ಟ ಒಂದೆರಡು ದಿನಕ್ಕೆ ಶುರುವಾಗುತ್ತೆ, ಮೊದಲ ವಾರದಲ್ಲಿ ಜೋರಾಗಿರುತ್ತೆ, ಎರಡು ವಾರದ ಹೊತ್ತಿಗೆ ಬಹುಪಾಲು ಇಳಿಯುತ್ತೆ, ನಿದ್ದೆ ಮಾತ್ರ ಸರಿಹೋಗೋಕೆ ಇನ್ನೂ ಸ್ವಲ್ಪ ದಿನ ತಗೊಳ್ಳುತ್ತೆ. ನಿಮ್ಮ ಮಗ ಎರಡು ಸಲಾನೂ ಜಾರಿದ್ದು ಆ ಕಷ್ಟದ ವಾರದಲ್ಲೇ ನೋಡಿ.

ಚಿಕಿತ್ಸೆಯಲ್ಲಿ ಮೊದಲ ಒಂದೆರಡು ಸೆಷನ್ ಬರೀ ಮಾತು. 'ಗಾಂಜಾದಿಂದ ನಿನಗೇನು ಸಿಗ್ತಿದೆ, ಏನು ಹೋಗ್ತಿದೆ' ಅಂತ ಕೇಳ್ತಾರೆ, ಸಿಗೋದನ್ನೂ ಗಂಭೀರವಾಗಿ ಕೇಳಿಸ್ಕೋತಾರೆ, ಮನೇಲಿ ಯಾರೂ ಅದನ್ನ ಕೇಳಿರಲ್ಲ ಅಲ್ವಾ. ಬಿಡಬೇಕು ಅನ್ನೋ ಮಾತು ಅವನ ಬಾಯಿಂದಲೇ ಬರಬೇಕು, ನಾವು ಹೇಳಿದಷ್ಟೂ ಅವನು ಎದುರುವಾದ ಮಾಡ್ತಾನೆ. ಇದಕ್ಕೆ ಮೋಟಿವೇಶನಲ್ ಥೆರಪಿ ಅಂತಾರೆ.

ಆಮೇಲೆ ಸಿಬಿಟಿ, ಅಂದ್ರೆ ಯೋಚನೆ ಮತ್ತೆ ನಡವಳಿಕೆ ಮೇಲೆ ಕೆಲಸ ಮಾಡೋ ಥೆರಪಿ. ಇದು ನಿಜವಾಗ್ಲೂ ಮನೆಪಾಠದ ಥರ. ಒಂದು ನೋಟ್‌ಬುಕ್ ಕೊಟ್ಟು ಆಸೆ ಹುಟ್ಟಿದಾಗೆಲ್ಲ ಬರಿ ಅಂತಾರೆ. ನನ್ನ ಹತ್ರ ಬರ್ತಿದ್ದ ಒಬ್ಬ ಹುಡುಗನ ನೋಟ್‌ಬುಕ್ಕಲ್ಲಿ ನಾಲ್ಕು ದಿನ ಒಂದೇ ಸಾಲು ಇತ್ತು, 'ಸಂಜೆ 6:40, ಶೂ ಬಿಚ್ಚಿದೆ, ರೂಮಲ್ಲಿ ಯಾರೂ ಇಲ್ಲ.' ಅವನಿಗೇ ಆಶ್ಚರ್ಯ, ಟೆನ್ಶನ್‌ಗೆ ಸೇದ್ತೀನಿ ಅಂದ್ಕೊಂಡಿದ್ದವನು ಸೇದ್ತಿದ್ದಿದ್ದು ಆ ಖಾಲಿ ರೂಮಿಗೆ. ಸರಿ, ಶೂ ಬಿಚ್ಚದೇ ಅಲ್ಲಿಂದಲೇ ವಾಕಿಂಗ್ ಹೋಗು ಅಂತ ಪ್ಲಾನ್ ಮಾಡಿದ್ವಿ. ಆಸೆ ಅಲೆ ಇದ್ದ ಹಾಗೆ, ಏರುತ್ತೆ, ಇಳಿಯುತ್ತೆ, ಆ ಸ್ವಲ್ಪ ಹೊತ್ತು ಕಳೆಯೋದನ್ನ ಕಲಿಸೋದೇ ಇಲ್ಲಿ ದೊಡ್ಡ ಕೆಲಸ, ಜೊತೆಗೆ ಫ್ರೆಂಡು ಕೈಗೆ ಕೊಡೋಕೆ ಬಂದಾಗ ಬೇಡ ಅನ್ನೋದು ಹೇಗೆ ಅಂತ ಬಾಯಿಬಿಟ್ಟು ಹೇಳಿಸಿ ಪ್ರಾಕ್ಟೀಸ್ ಮಾಡಿಸ್ತೀವಿ.

ಫಲ ಎಷ್ಟು ಅಂತ ಸುಳ್ಳು ಭರವಸೆ ಕೊಡಲ್ಲ. ಅಮೆರಿಕದಲ್ಲಿ 450 ಜನರ ಮೇಲೆ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇವೆರಡೂ ಸೇರಿಸಿ 9 ಸೆಷನ್ ತಗೊಂಡವರಲ್ಲಿ ನಾಲ್ಕು ತಿಂಗಳಿಗೆ ನೂರಕ್ಕೆ ಸುಮಾರು 23 ಜನ ಪೂರ್ತಿ ಬಿಟ್ಟಿದ್ರು, 2 ಸೆಷನ್ ತಗೊಂಡವರಲ್ಲಿ ಸುಮಾರು 9. ಬಿಡದೇ ಇದ್ದವರೂ ಎಷ್ಟೋ ಜನ ಕಡಿಮೆ ಮಾಡಿದ್ರು. ಅದಕ್ಕೇ ಎರಡು ಸಲ ಹೋಗಿ ಪ್ರಯೋಜನ ಇಲ್ಲ ಅಂತ ನಿಲ್ಲಿಸಬೇಡಿ.

ಬಹುಮಾನದ ವಿಧಾನ ಅಂತ ಇನ್ನೊಂದಿದೆ. ಮೂತ್ರ ಪರೀಕ್ಷೆ ಕ್ಲೀನ್ ಬಂದ ಪ್ರತಿ ಸಲ ಒಂದು ವೋಚರ್, ಸತತವಾಗಿ ಕ್ಲೀನ್ ಇದ್ರೆ ಮೊತ್ತ ಏರ್ತಾ ಹೋಗುತ್ತೆ. ಲಂಚ ಕೊಟ್ಟಂಗಲ್ವಾ ಅಂತ ತಂದೆತಾಯಂದಿರು ಕೇಳ್ತಾರೆ, ಆದ್ರೆ ಇದು ಕೆಲಸ ಮಾಡುತ್ತೆ, ಸಿಬಿಟಿ ಜೊತೆ ಸೇರಿಸಿದ್ರೆ ವೋಚರ್ ನಿಂತ ಮೇಲೂ ಫಲ ಚೆನ್ನಾಗಿ ಉಳಿಯುತ್ತೆ. ಮನೇಲಿ ನೀವು ಮಾಡಬಹುದಾದ್ದು ಇಷ್ಟೇ, ಜೇಬು ತಡಕೋದು ಬಿಟ್ಟು, ಸೇದದೇ ಇದ್ದ ದಿನ 'ಇವತ್ತು ಚೆನ್ನಾಗಿದ್ದೆ ಕಣೋ' ಅಂತ ಬಾಯ್ತುಂಬ ಹೇಳಿ.

ಒಂದು ಎಚ್ಚರಿಕೆ. ಯಾರೋ ಮಾತಾಡಿದ ಹಾಗೆ ಕೇಳಿಸುತ್ತೆ ಅಂದ್ರೆ, ವಿಪರೀತ ಅನುಮಾನ ಪಟ್ರೆ, ಸಾಯೋ ಮಾತಾಡಿದ್ರೆ ಕೌನ್ಸೆಲಿಂಗ್‌ಗೆ ಕಾಯಬೇಡಿ, ಅವತ್ತೇ ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ.

ಪ್ರಶ್ನೆ: ಸರ್, ಬಿಟ್ಟು 22 ದಿನ ಆಗಿತ್ತು, ನಿನ್ನೆ ಒಂದು ಸೇದಿದೆ. ಎಲ್ಲಾ ಹಾಳಾಯ್ತಾ?

ಉತ್ತರ: ಇಲ್ಲಪ್ಪಾ. ಆ 22 ದಿನ ಎಲ್ಲೂ ಹೋಗಿಲ್ಲ. ಒಂದು ಸಲ ಜಾರೋದು ಬೇರೆ, ಹೇಗಿದ್ರೂ ಹಾಳಾಯ್ತಲ್ಲ ಅಂತ ಮತ್ತೆ ದಿನಾ ಶುರು ಮಾಡೋದು ಬೇರೆ, ಆ 'ಹೇಗಿದ್ರೂ' ಅನ್ನೋದೇ ಅಪಾಯ. ಮೂತ್ರ ಪರೀಕ್ಷೆ ಇನ್ನೂ ಪಾಸಿಟಿವ್ ಬಂದ್ರೂ ಕುಗ್ಗಬೇಡ, ಗಾಂಜಾ ಅಂಶ ಕೊಬ್ಬಲ್ಲಿ ಸೇರ್ಕೊಂಡಿರುತ್ತೆ, ತುಂಬಾ ಸೇದ್ತಿದ್ದವರಿಗೆ ವಾರಗಟ್ಟಲೆ ಬರುತ್ತೆ. ನಿನ್ನೆ ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ, ಅದಕ್ಕೆ ಅರ್ಧ ಗಂಟೆ ಮುಂಚೆ ಏನಾಗಿತ್ತು ಅಂತ ಇವತ್ತೇ ಬರೆದಿಡು, ಮುಂದಿನ ಸೆಷನ್‌ಗೆ ಆ ಹಾಳೆ ತಗೊಂಡು ಹೋಗು.