‘ನಾವೇ ಎಷ್ಟೋ ವಾಸಿ’ ಎಂದು ದಿನಾ ಬರೆದುಕೊಂಡವರು: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದೆ.)

ಸುಮಾ ಖಾಸಗಿ ಶಾಲೆಯ ಶಿಕ್ಷಕಿ, ನಲವತ್ತರ ಆಸುಪಾಸು. ಕೊರೊನಾ ಲಾಕ್‌ಡೌನ್‌ನ ವರ್ಷ, 2020ರ ಜುಲೈನಲ್ಲಿ, ಫೋನ್ ಮೂಲಕ ನಮ್ಮಲ್ಲಿ ಆಪ್ತಸಲಹೆ ಕೇಳಿದರು. ಮನೆ ತುಂಬ ಜನ. ಹಾಗಾಗಿ ಒಣಗಿದ ಬಟ್ಟೆ ತರುವ ನೆಪದಲ್ಲಿ ತಾರಸಿಗೆ ಹೋಗಿ ಮಾತಾಡುತ್ತಿದ್ದರು. ನಿದ್ದೆ ಹತ್ತುವುದಿಲ್ಲ, ಮಕ್ಕಳ ಮೇಲೆ ರೇಗುತ್ತೇನೆ ಎಂದು ಶುರುಮಾಡಿದವರು, “ದೇವರು ಎಲ್ಲ ಕೊಟ್ಟಿದ್ದಾನೆ ಮೇಡಂ, ನನಗೇ ಉಪಕಾರಸ್ಮರಣೆ ಇಲ್ಲ” ಎಂದರು.

ಕೇಳುತ್ತ ಹೋದಂತೆ ಒಂದು ನೋಟ್‌ಬುಕ್ಕಿನ ವಿಷಯ ಬಂತು. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಸಲಹೆಯಂತೆ ಮೇ ತಿಂಗಳಿಂದ ಪ್ರತಿ ರಾತ್ರಿ ಹತ್ತು ಧನ್ಯವಾದ ಬರೆಯುತ್ತಿದ್ದರು. ಒಂದು ಪುಟ ಓದಿಸಿದೆವು: “ಮನೆ ಇದೆ. ಊಟ ಇದೆ. ಎಲ್ಲರೂ ಆರೋಗ್ಯವಾಗಿದ್ದಾರೆ. ನಡೆದೇ ಊರು ಸೇರಿದ ಕೂಲಿಯವರನ್ನು ನೋಡಿದರೆ ನಾವೇ ಎಷ್ಟೋ ವಾಸಿ.” ಮರುದಿನದ ಪುಟದಲ್ಲೂ ಬಹುತೇಕ ಅವೇ ಸಾಲುಗಳು.

ದಿನಕ್ಕೆ ಹತ್ತು ಎಂದರೆ ಮೂರನೇ ದಿನದಿಂದಲೇ ಅದು ಕಾಪಿ ಬರೆಯುವ ಕೆಲಸ. ಅದಕ್ಕಿಂತ ಕೆಟ್ಟದ್ದು ಆ ‘ವಾಸಿ’ ಲೆಕ್ಕ. ಇನ್ನೊಬ್ಬರ ಕಷ್ಟವನ್ನು ಅಳತೆಗೋಲು ಮಾಡಿಕೊಂಡರೆ ಸಮಾಧಾನದ ಹಿಂದೆಯೇ ಎರಡು ಯೋಚನೆ ಬರುತ್ತವೆ: ನಾಳೆ ಆ ಸರದಿ ನಮ್ಮದಾದರೆ? ಇಷ್ಟಿದ್ದೂ ನಾನು ಅಳುವುದು ತಪ್ಪಲ್ಲವೇ? ಮಲಗುವ ಹೊತ್ತಿಗೆ ಇವೆರಡನ್ನೂ ಎಬ್ಬಿಸಿಕೊಂಡರೆ ನಿದ್ದೆ ಎಲ್ಲಿಂದ ಬರಬೇಕು?

ನೋಟ್‌ಬುಕ್ಕಿನಲ್ಲಿ ಇಲ್ಲದಿದ್ದದ್ದು ಇನ್ನೂ ಮುಖ್ಯ. ಶಾಲೆ ಅರ್ಧ ಸಂಬಳ ಕೊಡುತ್ತಿತ್ತು. ಸಾಕಿ ಬೆಳೆಸಿದ ಚಿಕ್ಕಮ್ಮ ಏಪ್ರಿಲ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಅಂತ್ಯಕ್ರಿಯೆಗೆ 20 ಜನರ ಮಿತಿ, ಜಿಲ್ಲೆ ದಾಟಲು ಪಾಸ್ ಇಲ್ಲ. ಮಣ್ಣು ಮಾಡಿದ್ದನ್ನು ವಿಡಿಯೊ ಕಾಲ್‌ನಲ್ಲಿ ನೋಡಿದ್ದರು.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 8 ಬಂತು (ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು). ಸಾಯುವ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ. 10 ಅಥವಾ ಹೆಚ್ಚು ಬಂದಿದ್ದರೆ, ಇಲ್ಲವೇ ಆ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬಂದಿದ್ದರೂ, ಮನೋವೈದ್ಯರ ಬಳಿಗೆ ಕಳಿಸುವುದೇ ಮೊದಲ ಕೆಲಸವಾಗುತ್ತಿತ್ತು.

ಮೊದಲ ವಾರ ನೋಟ್‌ಬುಕ್ ಮುಚ್ಚಿಡಲು ಹೇಳಿದೆವು. ಬೇರೆ ಹಾಳೆಯಲ್ಲಿ ಈ ವರ್ಷ ಕೈಬಿಟ್ಟು ಹೋದದ್ದನ್ನು ಬರೆಯಬೇಕು. ‘ಆದರೂ’ ಎಂದು ಸಮಾಧಾನದ ಬಾಲ ಸೇರಿಸಬಾರದು. ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿ ಕೊನೆಯ ದಿನದ ವಿವರ ಕೇಳಬೇಕು. ಮೂರು ತಿಂಗಳಿಂದ ಸುಮಾ ಆ ಕರೆಯನ್ನು ಮುಂದೂಡುತ್ತಲೇ ಬಂದಿದ್ದರು.

ಎರಡನೇ ವಾರದಿಂದ ಕೃತಜ್ಞತೆಯ ಅಭ್ಯಾಸಕ್ಕೆ ವಾರದಲ್ಲಿ ಎರಡೇ ದಿನ, ಬುಧವಾರ ಮತ್ತು ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ ಹತ್ತು ನಿಮಿಷ. ಮೂರು ಸಂಗತಿ ಸಾಕು. ಪ್ರತಿಯೊಂದರಲ್ಲೂ ಏನಾಯಿತು, ಯಾರು ಮಾಡಿದರು, ಏಕೆ ಹಾಗಾಯಿತು ಎಂಬುದಿರಬೇಕು. “ಯಜಮಾನರು ಸಹಾಯ ಮಾಡುತ್ತಾರೆ” ಎಂದರೆ ಪ್ರಯೋಜನವಿಲ್ಲ. “ಆನ್‌ಲೈನ್ ಕ್ಲಾಸ್ ಮುಗಿಸಿ ಬರುವಷ್ಟರಲ್ಲಿ ಕುಕ್ಕರ್ ಇಟ್ಟಿದ್ದರು, ನಾನು ಹೇಳಿರಲಿಲ್ಲ” ಎಂದಾಗ ಮನಸ್ಸು ಆ ಕ್ಷಣಕ್ಕೆ ಹಿಂದಿರುಗುತ್ತದೆ. ಮೂರರಲ್ಲಿ ಒಂದಾದರೂ ಲಾಕ್‌ಡೌನ್‌ನಿಂದಲೇ ಶುರುವಾದ ಬದಲಾವಣೆಯಾಗಿರಲಿ ಎಂದೆವು. ಅವರು ಬರೆದದ್ದು: ಶಾಲೆ ಮುಚ್ಚಿದ್ದಾಗ ಚಂದನ ಟಿವಿಯಲ್ಲಿ ಬರುತ್ತಿದ್ದ ಸೇತುಬಂಧ ಪಾಠವನ್ನು ಮಾವ ಮೊಮ್ಮಗಳ ಜೊತೆ ಕೂತು ನೋಡಿ, ಆಮೇಲೆ ಅವಳಿಂದ ಲೆಕ್ಕ ಮಾಡಿಸುವುದು. ಏನೂ ತೋಚದಿದ್ದರೆ ಜಾಗ ಖಾಲಿ ಬಿಡಬೇಕು. ಸಂಖ್ಯೆ ತುಂಬಿಸಲು ಹೊರಟರೆ ಮತ್ತೆ ಹಳೆಯ ಕಾಪಿ ಬರವಣಿಗೆಯೇ.

ಮೂರು ಸಂಗತಿ, ಅದರ ಜೊತೆ ಕಾರಣ ಎಂಬ ಕ್ರಮ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ತಂಡದ 2005ರ ಅಧ್ಯಯನದ್ದು. ಅಲ್ಲಿ ಒಂದು ವಾರ ಪ್ರತಿ ರಾತ್ರಿ ಬರೆಸಿದ್ದರು. ಸುಮಾ ಅವರಿಗೆ ರಾತ್ರಿಯ ಹೊತ್ತೇ ಕಾಟವಾಗಿದ್ದರಿಂದ ಸಮಯ ಬದಲಿಸಿದೆವು. ಇದರಿಂದ ಪವಾಡ ನಿರೀಕ್ಷಿಸಬಾರದು, ಆಗುವ ಲಾಭ ಸಾಧಾರಣ ಮಟ್ಟದ್ದು.

“ಕೆಲಸದಾಕೆ ಬರದಿದ್ದಾಗಲೇ ಆಕೆಯ ಬೆಲೆ ಗೊತ್ತಾಯಿತು” ಎಂದೂ ಒಂದು ದಿನ ಬರೆದಿದ್ದರು. ಆಕೆಗೆ ಎರಡು ತಿಂಗಳಿಂದ ಸಂಬಳ ಕೊಟ್ಟಿಲ್ಲವೆಂದು ವಿಚಾರಿಸಿದಾಗ ತಿಳಿಯಿತು. ಅಂಥ ಋಣವನ್ನು ಪುಸ್ತಕದಲ್ಲಿ ತೀರಿಸಲಾಗದು. ತಮ್ಮ ಅರ್ಧ ಸಂಬಳದಲ್ಲೇ ಆ ಬಾಕಿಯನ್ನು ಎರಡು ಕಂತು ಮಾಡಿ ಕೊಟ್ಟರು. ಹಾಗೆಯೇ, ಕುಕ್ಕರ್ ಇಟ್ಟದ್ದಕ್ಕೆ ಕೃತಜ್ಞತೆ ಇದ್ದರೂ ಕೆಲಸ ಹಂಚಿಕೊಳ್ಳುವ ಮಾತು ಬಿಡಬಾರದು. “ನೀವು ಏನೂ ಮಾಡೋದಿಲ್ಲ” ಎನ್ನುವುದರ ಬದಲು “ರಾತ್ರಿ ಪಾತ್ರೆ ನಿಮ್ಮದು, ಬೆಳಗಿನ ತಿಂಡಿ ನನ್ನದು” ಎಂದು ಕೇಳಲು ಹೇಳಿದೆವು. ಪಾತ್ರೆಯ ಪಾಳಿ ವಾರದಲ್ಲಿ ನಾಲ್ಕು ದಿನಕ್ಕೆ ನಿಂತಿತು, ಏಳಕ್ಕೆ ಒಪ್ಪಲಿಲ್ಲ.

ಆರನೇ ವಾರ ಪಿಎಚ್‌ಕ್ಯೂ-9 ಅಂಕ 5ಕ್ಕೆ ಇಳಿಯಿತು, ನಿದ್ದೆ ಸುಧಾರಿಸಿತು. ಶಾಲೆ ಅರ್ಧ ಸಂಬಳ ಕೊಟ್ಟ ಸಿಟ್ಟು ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಅಭ್ಯಾಸವನ್ನು ವಾರಕ್ಕೊಮ್ಮೆಗೆ ಇಳಿಸಿದೆವು.

ಈ ಅಭ್ಯಾಸ ಎಲ್ಲರಿಗೂ ಅಲ್ಲ. ಸಾವು ಕಂಡು ಕೆಲವೇ ವಾರಗಳಾದ ಮನೆಯಲ್ಲಿ ಇದನ್ನು ಹೇಳಬಾರದು. ಮನೆಯೊಳಗೆ ಹೊಡೆತ ತಿನ್ನುತ್ತಿರುವವರಿಗಂತೂ ಕೊಡಲೇಬಾರದು, ಹೊಡೆಯುವವರ ಒಳ್ಳೆಯತನ ಹುಡುಕುತ್ತ ಅಲ್ಲೇ ಉಳಿದುಬಿಡುತ್ತಾರೆ. ಎರಡು ವಾರ ದಾಟಿದರೂ ಊಟ, ನಿದ್ದೆ, ಕೆಲಸ ಹಳಿಗೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.