ಚೈನ್ ಸಾ ಹಗ್ಗ ಎಳೆಯಲು ಆಗುತ್ತಿಲ್ಲ, ಎಂಜಿನ್ ಸೀಜ್ ಆಗಿದೆಯೇ?

ಕಳೆದ ತಿಂಗಳು ಚೆನ್ನಾಗಿ ಓಡಿದ ಚೈನ್ ಸಾ ಈಗ ಹಗ್ಗ ಎಳೆದರೆ ಮಿಸುಕುವುದೇ ಇಲ್ಲ, ಎಂಜಿನ್ ಸೀಜ್ ಆಯಿತೇ, ಅಂದರೆ ಒಳಗೇ ಕಚ್ಚಿಕೊಂಡು ನಿಂತಿತೇ ಎಂದು ಕೇಳಿದ್ದೀರಿ. ಆಗಿರಲೂಬಹುದು, ಆದರೆ ಈಗಲೇ ಕೈಚೆಲ್ಲಬೇಡಿ. ಹಗ್ಗವನ್ನು ಜಗ್ಗುವುದನ್ನು ಮಾತ್ರ ಮೊದಲು ನಿಲ್ಲಿಸಿ.

ಸ್ವಿಚ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಹಗ್ಗವನ್ನು ಮೆಲ್ಲಗೆ ಎಳೆದು ನೋಡಿ. ಸಲೀಸಾಗಿ ಬಂದು, ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮಿತೇ? ಹಾಗಾದರೆ ಸಿಲಿಂಡರಿನಲ್ಲಿ ಇಂಧನ ತುಂಬಿಕೊಂಡಿದೆ. ಪಿಸ್ಟನ್ ಗಾಳಿಯನ್ನು ಅದುಮೀತು, ದ್ರವವನ್ನು ಅದುಮಲಾರದು. ಅಂಥ ಹೊತ್ತಿನಲ್ಲಿ ಶಕ್ತಿ ಪ್ರದರ್ಶನಕ್ಕೆ ಇಳಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಪ್ಲಗ್ ತೂತು ಕೆಳಮುಖವಾಗುವಂತೆ ಹಿಡಿದು, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹತ್ತು ಸಲ ಎಳೆಯಿರಿ. ಮುಖವೂ ಬೆಂಕಿಯೂ ದೂರವಿರಲಿ. ಸುಮ್ಮನೆ ಇಟ್ಟರೂ ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದರೆ ಕಾರ್ಬ್ಯುರೇಟರಿನ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ, ಟ್ಯಾಂಕಿನಿಂದ ಜಿನುಗುತ್ತಿದೆ ಎಂದರ್ಥ.

ಪೆಟ್ರೋಲ್ ಬರಲಿಲ್ಲ, ಪ್ಲಗ್ ಹಾಕಿದಾಗ ಮಾತ್ರ ಬಿಗಿ ಎಂದಾದರೆ ಅದು ಕಂಪ್ರೆಷನ್, ಅಂದರೆ ಪಿಸ್ಟನ್ ಅದುಮುವ ಗಾಳಿಯ ಒತ್ತಡ. ದೊಡ್ಡ ಎಂಜಿನ್‌ಗಳಲ್ಲಿ ಅದನ್ನು ತಗ್ಗಿಸಲು ಸಿಲಿಂಡರ್ ಬಳಿ ಒಂದು ಗುಂಡಿ ಇರುತ್ತದೆ. ಒತ್ತಲು ಮರೆತಿದ್ದೀರೋ ನೋಡಿ. ನಾಚಿಕೆ ಬೇಡ, ಎಲ್ಲರೂ ಮರೆಯುತ್ತಾರೆ.

ಪ್ಲಗ್ ತೆಗೆದರೂ ಬಿಗಿಯಾಗಿದ್ದರೆ ಸ್ಟಾರ್ಟರ್ ಕವರ್ ಬಿಚ್ಚಿ, ಅದನ್ನು ಮಾತ್ರ ಕೈಯಲ್ಲಿ ಹಿಡಿದು ಹಗ್ಗ ಎಳೆಯಿರಿ. ಅಲ್ಲೇ ಸಿಕ್ಕಿಕೊಂಡರೆ ತಪ್ಪು ಸ್ಪ್ರಿಂಗಿನದೋ ರಾಟೆಯದೋ, ಎಂಜಿನ್‌ದಲ್ಲ. ಸರಾಗವಾಗಿ ಬಂದರೆ ಕವರ್ ಹಿಂದೆ ಕಾಣುವ ಫ್ಲೈವೀಲ್ ಎಂಬ ಚಕ್ರವನ್ನು ಬೆರಳಿನಿಂದ ತಿರುಗಿಸಿ. ನನ್ನದು ಒಮ್ಮೆ ಮುಕ್ಕಾಲು ಸುತ್ತು ಸಲೀಸಾಗಿ ತಿರುಗಿ, ಪ್ರತಿ ಸಲವೂ ಒಂದೇ ಜಾಗದಲ್ಲಿ 'ಟಕ್' ಎಂದು ನಿಲ್ಲುತ್ತಿತ್ತು. ಟಾರ್ಚ್ ಬಿಟ್ಟು ನೋಡಿದರೆ ಫ್ಲೈವೀಲಿನ ಅಯಸ್ಕಾಂತಕ್ಕೆ ಅಂಟಿಕೊಂಡಿದ್ದ ಒಂದು ಪುಟ್ಟ ಸ್ಕ್ರೂ, ಸುತ್ತಿ ಬಂದಾಗಲೆಲ್ಲ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್‌ಗೆ ತಾಗುತ್ತಿತ್ತು. ಏರ್ ಫಿಲ್ಟರ್ ತೊಳೆದ ದಿನ ಕಳೆದುಹೋಯಿತೆಂದು ಅರ್ಧ ಗಂಟೆ ಹುಡುಕಿದ್ದ ಸ್ಕ್ರೂ ಅದೇ! ಸ್ಕ್ರೂ ಇಲ್ಲದೆಯೂ ಕಾಯಿಲ್ ಸಡಿಲವಾಗಿ ಜರುಗಿದರೆ ಹೀಗೇ ಆಗುತ್ತದೆ. ಕಾಯಿಲ್‌ಗೂ ಫ್ಲೈವೀಲಿಗೂ ನಡುವೆ ಸುಮಾರು 0.3 ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು.

ಅಲ್ಲೂ ಏನೂ ಸಿಗದಿದ್ದರೆ ಬಾರ್, ಚೈನ್ ಕಳಚಿ ತಿರುಗಿಸಿ. ಆಗ ಹಗುರಾದರೆ ಎಂಜಿನನ್ನು ಚೈನಿಗೆ ಜೋಡಿಸುವ ಕ್ಲಚ್ ಕಡೆ ನೋಡಬೇಕು. ಸರಿಯಿರುವ ಯಂತ್ರದಲ್ಲಿ ಹಗ್ಗ ಎಳೆದಾಗ ಚೈನ್ ಓಡುವುದಿಲ್ಲ.

ಕೊನೆಗೆ ಸೈಲೆನ್ಸರ್ ಬಿಚ್ಚಿ, ಹೊಗೆ ಹೋಗುವ ಕಿಂಡಿಯಿಂದ ಪಿಸ್ಟನ್ನಿನ ಮೈ ನೋಡಿ. ನುಣುಪಾಗಿದ್ದರೆ ಬೇರಿಂಗ್ ಮೇಲೆ ಅನುಮಾನ. ಉದ್ದುದ್ದ ಗೀರುಗಳಿದ್ದರೆ ನಿಮ್ಮ ಭಯ ನಿಜ. ಎಣ್ಣೆ ಬೆರೆಸದ ಪೆಟ್ರೋಲ್ ಯಾರಾದರೂ ಹಾಕಿದರೇ, ವಿಚಾರಿಸಿ. 50:1 (ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ) ಎಂದು ಬರೆದಿರುವ ಯಂತ್ರಕ್ಕೆ ಲೀಟರಿಗೆ 20 ಮಿಲಿಲೀಟರ್ ಟು-ಸ್ಟ್ರೋಕ್ ಎಣ್ಣೆ ಬೇಕೇ ಬೇಕು.

ಪ್ಲಗ್ ಬಿಚ್ಚಿದಾಗ ಒದ್ದೆಯಾಗಿತ್ತೋ ಒಣಗಿತ್ತೋ ತಿಳಿಸಿ, ಮುಂದಿನದು ಹೇಳುತ್ತೇನೆ.