ಮಂಗಳೂರಿನ ಕಡಲ ದಡದಲ್ಲಿ ಹಳೇ ಗಾಜು ಸಿಗುತ್ತಾ?

ಡಿಸೆಂಬರ್‌ನಲ್ಲಿ ಮಕ್ಕಳ ಜೊತೆ ಬರುತ್ತೇವೆ, ಇಳಿತದ ಹೊತ್ತಿಗೆ ಹೋದರೆ ಅಲೆಗೆ ಸವೆದ ಹಳೇ ಗಾಜು ಸಿಗುತ್ತಾ, ಎಲ್ಲಿ ಹುಡುಕಬೇಕು ಅಂತ ಕೇಳಿದ್ದೀರಿ.

ಸಿಗುತ್ತದೆ. ಆದರೆ ವಿಡಿಯೊಗಳಲ್ಲಿ ತೋರಿಸುವ ಹಾಗೆ ಬೊಗಸೆ ಬೊಗಸೆ ಅಲ್ಲ. ನಮ್ಮ ಕಡೆ ಖಾಲಿ ಬಾಟಲಿ ಕಡಲಿಗಿಂತ ಮೊದಲು ಗುಜರಿಯವನ ಗೋಣಿ ಸೇರುತ್ತಿತ್ತು, ಅಲ್ವಾ? ಹತ್ತು ವರ್ಷ ಓಡಾಡಿ ನಾನು ಕೂಡಿಸಿದ್ದು ಅರ್ಧ ಹಾರ್ಲಿಕ್ಸ್ ಬಾಟಲಿಯಷ್ಟು. ಅದರಲ್ಲಿ ಒಂದೇ ಒಂದು ಗೋಲಿ ಸೋಡಾದ ಗೋಲಿ, ಮೈಯೆಲ್ಲ ಮಂಜು ಹಿಡಿದ ಹಾಗೆ.

ನನ್ನನ್ನು ಕೇಳಿದರೆ ಇಲ್ಲಿ ಹುಡುಕಬೇಕಾದ್ದು ಹಂಚಿನ ಚೂರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಹೊಳೆ ಬದಿಯಲ್ಲಿ ಒಂದರ ಹಿಂದೆ ಒಂದು ಬಂದವು. ಹೊಳೆಗೆ ಬಿದ್ದ ಚೂರು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ದಾಟಿ, ಮರಳಲ್ಲಿ ಉರುಳಿ, ಬಳಸಿ ಸವೆದ ಸಾಬೂನಿನ ಹಾಗೆ ನುಣ್ಣಗಾಗಿ ದಡಕ್ಕೆ ಬರುತ್ತದೆ. ನನಗೆ ಸಿಕ್ಕ ಒಂದರಲ್ಲಿ ‘65’ ಅಂತ ಎರಡೇ ಅಂಕಿ ಉಳಿದಿದೆ. ಅವತ್ತು ಕುಣಿದಾಡಿದ್ದೆ. ಅದು ಹಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ, ಆಮೇಲಿನ ಹಂಚಿಗೂ ಅದನ್ನೇ ಒತ್ತುತ್ತಿದ್ದರು ಅಂತ ತಿಳಿದದ್ದು ತಡವಾಗಿ!

ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ಇಳಿಯಿರಿ. ಕಡಲ ಬದಿಗೆ ಹೋಗಿ ತೆಂಕಕ್ಕೆ, ಬೆಂಗ್ರೆ ಕಡೆ ನಡೆಯಿರಿ. ಅಳಿವೆ ಹತ್ತಿರ ಮಾತ್ರ ನೀರಿಗೆ ಇಳಿಯಲೇಬೇಡಿ, ಸೆಳೆತ ಜಾಸ್ತಿ. ಉಡುಪಿ ಕಡೆ ಹೋದರೆ ಕಾಪು ದೀಪಸ್ತಂಭದ ಪಾದೆಗಳ (ಬಂಡೆಗಳ) ಸಂದುಗಳನ್ನು ನೋಡಿ.

ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನ ನೀರು ಹೆಚ್ಚು ಇಳಿಯುತ್ತದೆ. ಆದರೂ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚೆಂದರೂ ಒಂದೂವರೆ ಮೀಟರಿನ ಆಸುಪಾಸು, ಗುಜರಾತಿನ ಕಡಲಿನ ಹಾಗೆ ಮೈಲಿಗಟ್ಟಲೆ ಹಿಂದೆ ಸರಿಯುವುದಿಲ್ಲ. ದಿನಕ್ಕೆ ಎರಡು ಇಳಿತ, ಎರಡೂ ಒಂದೇ ಸಮ ಇರುವುದಿಲ್ಲ. ಹೆಚ್ಚು ಇಳಿಯುವುದನ್ನು ಆರಿಸಿಕೊಂಡು ಒಂದು ಗಂಟೆ ಮೊದಲೇ ಹೋಗಿ. ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡ. ಬೋಳು ಮರಳಲ್ಲಿ ಹುಡುಕಬೇಡಿ. ಅಲೆ ಬಿಟ್ಟುಹೋದ ಕಪ್ಪೆಚಿಪ್ಪಿನ ಪುಡಿ, ಸಣ್ಣ ಕಲ್ಲುಗಳ ಸಾಲು ಇರುತ್ತದಲ್ಲ, ಅಲ್ಲಿ ಬಗ್ಗಿ ನೋಡಿ.

ಡಿಸೆಂಬರ್ ಬದಲು ದಸರಾ ರಜೆಗೆ ಬರಲು ಆಗುತ್ತಾ? ಮಳೆಗಾಲದ ಅಲೆ ದಡದ ಮರಳನ್ನು ಎಳೆದುಕೊಂಡು ಹೋಗಿ ಅಡಿಯಲ್ಲಿರುವುದನ್ನು ಹೊರಗೆ ಹಾಕಿರುತ್ತದೆ. ಆಮೇಲೆ ಕಡಲು ಶಾಂತವಾಗಿ ಮರಳು ಮೆಲ್ಲಗೆ ವಾಪಸ್ ಬಂದು ಎಲ್ಲವನ್ನೂ ಮುಚ್ಚುತ್ತದೆ. ಜೂನ್-ಜುಲೈಯಲ್ಲಿ ಮಾತ್ರ ಬೇಡವೇ ಬೇಡ.

ಹಳೇ ಗಾಜು ಒಣಗಿದಾಗ ಮಬ್ಬಾಗಿರಬೇಕು, ಅಂಚು ಬೆರಳಿಗೆ ಚುಚ್ಚಬಾರದು. ಹೊಳೆಯುತ್ತಿದ್ದರೆ ಅದು ಮೊನ್ನೆಯ ಬಿಯರ್ ಬಾಟಲಿ, ಎತ್ತಿ ಕಸದ ಬುಟ್ಟಿಗೆ ಹಾಕಿ. ಮಕ್ಕಳಿಗೆ ಚಪ್ಪಲಿ ಹಾಕಿಸಿ. ಚಿಪ್ಪು ಹೆಕ್ಕಿದರೆ ಒಳಗೆ ಜೀವ ಇದೆಯಾ ನೋಡಿ. ನಮ್ಮ ಮಗಳು ಒಮ್ಮೆ ಜೇಬಿನಲ್ಲಿಟ್ಟುಕೊಂಡು ಬಂದ ಶಂಖ ರಾತ್ರಿ ಅಡುಗೆಮನೆಯಲ್ಲಿ ನಡೆದಾಡುತ್ತಿತ್ತು, ಒಳಗೆ ಏಡಿ! ಬೆಳಿಗ್ಗೆ ಆರಕ್ಕೆ ಅದನ್ನು ಬಿಡಲು ಮತ್ತೆ ಕಡಲಿಗೆ ಹೋಗಬೇಕಾಯಿತು.